ಹೊಸ ಸೆಟ್, ಮರೆಗುಳಿ ರ‍್ಯಾಮ್

ಸೂಡಿಯ ಫೋಟೊ ಸ್ಟುಡಿಯೊ ಒಂದರಲ್ಲಿ ಮದುವೆ ಸೀಸನ್ನಿಗೆಂದು ಹೊಸ ಕಂಪ್ಯೂಟರ್ ಕೂಡಿಸಿದ್ದರು. ಬಿಡಿಭಾಗಗಳು ಹುಬ್ಬಳ್ಳಿಯಿಂದ, ಜೋಡಣೆ ಊರಲ್ಲೇ. ಕೆಲವೇ ದಿನಗಳಲ್ಲಿ ಕಾಟ ಶುರುವಾಯಿತು. ಆಲ್ಬಮ್ಮಿನ ಒಂದು ಚಿತ್ರದಲ್ಲಿ ಮದುಮಗಳ ಬಾಸಿಂಗದವರೆಗೆ ಬಣ್ಣ ಸರಿಯಾಗಿತ್ತು, ಅಲ್ಲಿಂದ ಕೆಳಗೆ ಅಷ್ಟೂ ನೇರಳೆ. ನಡುನಡುವೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿತ್ತು. ‘ವೈರಸ್ ಹೊಕ್ಕೇತ್ರಿ’ ಎಂದರು ಒಬ್ಬರು. ‘ಹಾರ್ಡ್‌ಡಿಸ್ಕ್ ಹೋಗೇತಿ’ ಎಂದರು ಇನ್ನೊಬ್ಬರು. ವಿಂಡೋಸ್ ಮತ್ತೆ ಹಾಕಲು ಹೋದರೆ ಅದೂ ಅರ್ಧಕ್ಕೇ ನಿಂತಿತು.

ಆ ನೇರಳೆ ಚಿತ್ರದಲ್ಲೇ ರೋಗದ ಸುಳಿವಿತ್ತು. ಜೆಪೆಗ್ ಫೈಲಿನಲ್ಲಿ ಒಂದು ತುಣುಕಿನ ಬಣ್ಣವನ್ನು ಹಿಂದಿನ ತುಣುಕಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆದಿಡಲಾಗುತ್ತದೆ. ನಡುವೆ ಒಂದು ಬಿಟ್ ಸೊನ್ನೆಯಿಂದ ಒಂದಾದರೂ ಸಾಕು, ಮುಂದಿನ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ. ಡಿಸ್ಕ್ ಆದರೆ ತಾನು ಬರೆದದ್ದನ್ನು ತಾನೇ ತಾಳೆ ನೋಡಿ, ತಿದ್ದಲಾಗದಿದ್ದರೆ ‘ಓದಲು ಬರುತ್ತಿಲ್ಲ’ ಎಂದು ಒಪ್ಪಿಕೊಳ್ಳುತ್ತದೆ. ಮಾಮೂಲಿ ಡೆಸ್ಕ್‌ಟಾಪಿನ ರ‍್ಯಾಮ್‌ಗೆ ಆ ಶಿಸ್ತಿಲ್ಲ. ತಪ್ಪನ್ನೂ ಸರಿಯೆಂದೇ ಕೊಟ್ಟು ಸುಮ್ಮನಿರುತ್ತದೆ.

ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ರ‍್ಯಾಮ್‌ನ ಬುನಾದಿ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ ಆವೇಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 16 ಜಿಬಿ ಎಂದರೆ ಇಂಥ 13,700 ಕೋಟಿಗೂ ಹೆಚ್ಚು ಕೋಶಗಳು, ಮತ್ತು ಪ್ರತಿಯೊಂದೂ ಸೋರುತ್ತಲೇ ಇರುತ್ತದೆ. ಸೂಡಿಯಲ್ಲಿ 11ನೇ ಶತಮಾನದಲ್ಲಿ ಕಲ್ಲಿಗೆ ಕೊರೆದ ಅಕ್ಷರವನ್ನು ಇವತ್ತೂ ಓದಬಹುದು. ರ‍್ಯಾಮ್‌ನ ಬರಹವನ್ನಾದರೆ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ಬರೆಯಬೇಕು. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. 85 ಡಿಗ್ರಿ ದಾಟಿದರೆ ಆ ಗಡುವು ಅರ್ಧಕ್ಕಿಳಿಯುತ್ತದೆ.

ಆಕಾಶದಿಂದ ಬರುವ ಕಣಗಳೂ ಬಿಟ್ ತಿರುಗಿಸುವುದುಂಟು. 2003ರಲ್ಲಿ ಬೆಲ್ಜಿಯಂನ ಚುನಾವಣೆಯೊಂದರಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತಗಳು ಹೆಚ್ಚಿಗೆ ಬಿದ್ದಿದ್ದವು. ಎರಡರ ಹನ್ನೆರಡನೇ ಘಾತ, ಅಂದರೆ ಸರಿಯಾಗಿ ಒಂದೇ ಬಿಟ್! ಕಾಸ್ಮಿಕ್ ಕಿರಣದ ಮೇಲೆ ಅನುಮಾನ ಬಂದದ್ದು ಸಹಜ. ಈ ಕಣಗಳ ಕಾಟ ತಪ್ಪಿಸಿಕೊಳ್ಳಲೆಂದೇ ನಮ್ಮ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೊಮೀಟರಿಗೂ ಆಳಕ್ಕೆ ಇಳಿದು, 1965ರಲ್ಲಿ ನ್ಯೂಟ್ರಿನೊಗಳ ಜಾಡು ಹಿಡಿದಿದ್ದರು. ಆದರೆ ದಿನಾ ಕೈಕೊಡುವ ಹೊಸ ಕಂಪ್ಯೂಟರಿಗೆ ಆಕಾಶವನ್ನು ದೂರುವುದು ಸಲ್ಲದು. ಕಾರಣ ಡಬ್ಬಿಯೊಳಗೇ ಇರುತ್ತದೆ.

ಸ್ಟುಡಿಯೊದಲ್ಲಿ ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86+ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರು. ಇದು ಪ್ರತಿ ಕೋಶಕ್ಕೂ ಬೇರೆ ಬೇರೆ ಮಾದರಿಗಳನ್ನು ಬರೆದು, ಓದಿ, ತಾಳೆ ನೋಡುವ ಉಚಿತ ತಂತ್ರಾಂಶ. ಸ್ವಲ್ಪ ಹೊತ್ತಿಗೇ ಪರದೆ ತುಂಬ ಕೆಂಪು ಸಾಲುಗಳು. ಇಲ್ಲಿ ‘ಒಂದೆರಡು ತಪ್ಪು ತಾನೇ’ ಎನ್ನುವಂತಿಲ್ಲ. ಒಂದು ಸಾಲು ಬಂದರೂ ಆ ಯಂತ್ರವನ್ನು ನಂಬಬಾರದು.

ಹಾಗೆಂದು ಕೂಡಲೇ ರ‍್ಯಾಮ್ ವಾಪಸ್ ಮಾಡುವುದೂ ಆತುರವೇ. ಡಬ್ಬಿಯ ಮೇಲೆ 3600 ಎಂದು ಬರೆದಿದ್ದರೂ ಡಿಡಿಆರ್4ರ ಅಧಿಕೃತ ವೇಗ 3200ಕ್ಕೇ ಮುಗಿಯುತ್ತದೆ. ಅದರಾಚೆಯದು ಓವರ್‌ಕ್ಲಾಕ್. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಹೆಚ್ಚು ವೇಗದ ಆಯ್ಕೆ ಆನ್ ಮಾಡಿದರೆ ವೋಲ್ಟೇಜ್ 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ಮೆಮೊರಿ ನಿಯಂತ್ರಕ ಇರುವುದು ಪ್ರೊಸೆಸರಿನೊಳಗೆ. ಎಲ್ಲ ಪ್ರೊಸೆಸರಿಗೂ ಆ ವೇಗ ತಾಳುವುದಿಲ್ಲ. ನಾಲ್ಕೂ ಸ್ಲಾಟ್ ತುಂಬಿದರಂತೂ ಹೊರೆ ಇನ್ನೂ ಹೆಚ್ಚು. ಎಕ್ಸ್‌ಎಂಪಿ ತೆಗೆದಾಗ ಸ್ಟುಡಿಯೊದ ಯಂತ್ರದಲ್ಲಿ ಕೆಂಪು ಸಾಲು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ.

ಯಾರೋ ರಬ್ಬರ್ ತಂದು ರ‍್ಯಾಮ್‌ನ ಬಂಗಾರದ ಅಂಚು ತಿಕ್ಕಲು ಹೊರಟರು. ನಮ್ಮ ಕಡೆಯ ಸಾರ್ವತ್ರಿಕ ಔಷಧಿ ಅದು! ಧೂಳು ತಿಂದ ಹಳೆಯ ಸೆಟ್ಟಿಗೆ ಹಿಡಿಸಬಹುದು. ಹೊಸದಕ್ಕೆ ರಬ್ಬರಿನ ಪುಡಿಯೇ ಸ್ಲಾಟಿಗೆ ಬಿದ್ದು ಇನ್ನೊಂದು ರಗಳೆ. ಅದಕ್ಕಿಂತ, ಸ್ಟಿಕ್ ಪೂರ್ತಿ ಕೂತಿದೆಯೇ, ಕ್ಲಿಪ್ ಟಕ್ಕೆಂದು ಬಿದ್ದಿದೆಯೇ ನೋಡುವುದು ಮೇಲು.

ಕೊನೆಗೆ ಒಂದೇ ಸ್ಟಿಕ್ ಹಾಕಿ ಪರೀಕ್ಷೆ ನಡೆಯಿತು. ಪ್ರೊಸೆಸರಿನಿಂದ ಎರಡನೆಯ ಸ್ಲಾಟ್, ಮೊದಲು ಒಂದು ಸ್ಟಿಕ್, ಆಮೇಲೆ ಅದೇ ಸ್ಲಾಟಿಗೆ ಇನ್ನೊಂದು. ತಪ್ಪು ಸ್ಟಿಕ್ಕಿನ ಬೆನ್ನುಹತ್ತಿ ಹೋದರೆ ದೋಷ ಸ್ಟಿಕ್ಕಿನದು. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತಪ್ಪು ಬಂದರೆ ಮದರ್‌ಬೋರ್ಡನ್ನೋ ಪ್ರೊಸೆಸರಿನ ಕೆಳಗೆ ಬಾಗಿದ ಪಿನ್ನನ್ನೋ ಹುಡುಕಬೇಕು. ಇಲ್ಲಿ ಮೊದಲನೆಯದು ರಾತ್ರಿಯಿಡೀ ಓಡಿದರೂ ಒಂದು ತಪ್ಪಿಲ್ಲ. ಎರಡನೆಯದು ಯಾವ ಸ್ಲಾಟಿಗೆ ಹೋದರೂ ಅದೇ ವಿಳಾಸದ ಆಸುಪಾಸಿನಲ್ಲಿ ಎಡವಿತು. ಕೋಶಗಳೇ ಕೆಟ್ಟಿದ್ದವು.

ವಾರಂಟಿಗೆ ಒಯ್ಯುವಾಗ ಆ ಕೆಂಪು ಸಾಲಿನ ಪರದೆಯ ಫೋಟೊ ಮೊಬೈಲಿನಲ್ಲಿ ಇರಲಿ. ಅಂಗಡಿಯಲ್ಲಿ ಹಾಕಿ ನೋಡಿದಾಗ ವಿಂಡೋಸ್ ತೆರೆದುಕೊಂಡರೆ ‘ಚಲೋ ಅದ ಅಲ್ಲರೀ’ ಎಂದುಬಿಡುತ್ತಾರೆ. ಜೋಡಿಯಾಗಿ ಕೊಂಡ ರ‍್ಯಾಮ್ ಆದರೆ ಎರಡನ್ನೂ ಕೊಟ್ಟು ಜೋಡಿಯನ್ನೇ ತರಬೇಕು. ಒಂದೇ ಬ್ರಾಂಡಿನ ಬಿಡಿ ಸ್ಟಿಕ್ ತಂದರೆ ಒಳಗಿನ ಚಿಪ್ ಬೇರೆಯದಾಗಿರಬಹುದು, ಮೆಮ್‌ಟೆಸ್ಟ್ ಮತ್ತೆ ಮೊದಲಿನಿಂದ ಓಡಿಸುತ್ತ ಕೂರಬೇಕಾಗುತ್ತದೆ.