ಪಾಠ ಕಟ್ಟುವವರಿಗೆ ಮಾದರಿ ಎಲ್ಲಿ?

ಇ-ಕಲಿಕೆ ಕಂಪನಿಯೊಂದರಲ್ಲಿ ಪಾಠ ವಿನ್ಯಾಸಕಿಯಾಗಿ ಈಗಷ್ಟೇ ಸೇರಿದ್ದೇನೆ. ಹೊಸ ಹೊಳಹು, ಸಾಮಗ್ರಿ ಎಲ್ಲಿಂದ ತರಲಿ?

ಮೊದಲು ಒಂದು ಒಳ್ಳೆಯ ಪಾಠವನ್ನು ಬಿಚ್ಚಿ ನೋಡಿ. ಟೈಲರಿಂಗ್ ಕಲಿಯುವವರು ಹಳೆಯ ರವಿಕೆಯ ಹೊಲಿಗೆ ಬಿಚ್ಚಿ, ಬಟ್ಟೆ ಕತ್ತರಿಸಿದ ಬಗೆಯನ್ನು ತಿಳಿದುಕೊಳ್ಳುತ್ತಾರಲ್ಲ, ಹಾಗೆ. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ಪಾಠಗಳನ್ನೇ ತೆಗೆದುಕೊಳ್ಳಿ. ಸ್ಟ್ರಾದ ತುದಿಯನ್ನು ಚಪ್ಪಟೆ ಮಾಡಿ, ಎರಡೂ ಬದಿ ಓರೆಯಾಗಿ ಕತ್ತರಿಸಿ ಊದಿದರೆ ಪೀಪಿ. ಊದುತ್ತಲೇ ಇನ್ನೊಂದು ತುದಿಯನ್ನು ಕತ್ತರಿಸುತ್ತ ಹೋದರೆ ಸ್ವರ ಏರುತ್ತದೆ. ‘ಯಾಕೆ?’ ಎಂಬ ಪ್ರಶ್ನೆ ಮಗುವಿನಲ್ಲೇ ಹುಟ್ಟುತ್ತದೆ, ವಿವರಣೆ ಆಮೇಲೆ. ನೀವು ಬರೆದಿಟ್ಟುಕೊಳ್ಳಬೇಕಾದದ್ದು ಈ ಅನುಕ್ರಮವನ್ನು.

ಹೀಗೆ ಮಾದರಿ ನೋಡಿದರೆ ಕಲಿಕೆ ಸುಲಭವಾಗುವುದೇಕೆ? ನಮ್ಮ ಮನಸ್ಸು ಒಮ್ಮೆಗೆ ಕೆಲವೇ ಹೊಸ ಸಂಗತಿಗಳನ್ನು ಹಿಡಿದಿಡಬಲ್ಲದು. ಖಾಲಿ ಹಾಳೆಯೆದುರು ಕುಳಿತರೆ ಹುಡುಕಾಟವೇ ಆ ಜಾಗವನ್ನೆಲ್ಲ ತಿಂದುಬಿಡುತ್ತದೆ. ಮಾದರಿ ಕಣ್ಣೆದುರಿದ್ದರೆ ಗಮನ ರಚನೆಯತ್ತ ಹೋಗುತ್ತದೆ. ಆಸ್ಟ್ರೇಲಿಯಾದ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ತೋರಿಸಿಕೊಟ್ಟ ವಿಚಾರವಿದು. ಅವರ ಬರಹಗಳನ್ನು ಖಂಡಿತ ಓದಿ.

ಚಿತ್ರಗಳಿಗೆ, ಕಥೆಗಳಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣವಿದೆ. ಕನ್ನಡದಲ್ಲೂ ಕಥೆಗಳು ಧಾರಾಳವಾಗಿವೆ; ರಚಿಸಿದವರ ಹೆಸರು ಹಾಕಿ ಉಚಿತವಾಗಿ ಬಳಸಬಹುದು. ಪಾಠ ಕಟ್ಟುವ ಸಾಫ್ಟ್‌ವೇರ್ ಕಲಿಯಲು ಅವಸರ ಬೇಡ. ವಾರಕ್ಕೊಂದು ಪಾಠ ಬಿಚ್ಚುವುದನ್ನು ಮಾತ್ರ ತಪ್ಪಿಸಬೇಡಿ.