ಶ್ವಾಸಕೋಶ ತೊಳೆದ ನೀರಿನಲ್ಲಿ ಏನಿದೆ?



ಮಳೆಗಾಲದಲ್ಲಿ ಬೈಹುಲ್ಲಿನ ಬಣವೆ ಬಿಚ್ಚುವಾಗ ಒಳಗಿನ ಹುಲ್ಲು ಬಿಸಿಯಾಗಿದ್ದು, ಬಿಳಿ ಹುಡಿಯಂತೆ ಬೂಸ್ಟು ಹಾರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೆಲವರಿಗೆ ಅಂದು ಸಂಜೆಯೇ ಚಳಿಜ್ವರ, ಒಣಕೆಮ್ಮು, ಎದೆ ಬಿಗಿತ. ಒಂದೆರಡು ದಿನದಲ್ಲಿ ಎಲ್ಲ ಮಾಯ. ಥಂಡಿ ಹಿಡಿದಿತ್ತೆಂದು ಕಷಾಯ ಕುಡಿದು ಮರೆತುಬಿಡುತ್ತೇವೆ. ಮುಂದಿನ ಸಲ ಹುಲ್ಲು ಎಳೆದಾಗ ಪುನಃ ಅದೇ ಕಥೆಯಾದರೆ ಮಾತ್ರ ಅದನ್ನು ಥಂಡಿಯೆಂದು ಬಿಡಲಾಗದು.

ವೈದ್ಯರು ಇದನ್ನು 'ರೈತನ ಶ್ವಾಸಕೋಶ' ಎನ್ನುತ್ತಾರೆ. 1932ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮೋರ್‌ಲ್ಯಾಂಡಿನ ರೈತರಲ್ಲಿ ಡಾ. ಕ್ಯಾಂಪ್‌ಬೆಲ್ ಇದನ್ನು ಗುರುತಿಸಿ ಬರೆದರು. ಒದ್ದೆ ಹುಲ್ಲು ಬಿಸಿಯೇರಿದಾಗ ಬೆಳೆಯುವ ಆಕ್ಟಿನೊಮೈಸಿಟ್ಸ್ ಎಂಬ ಸೂಕ್ಷ್ಮಜೀವಿಗಳ ಧೂಳೇ ಇದರ ಮೂಲ. ಇದು ಅಂಟುರೋಗವಲ್ಲ, ಆ ಧೂಳಿನ ವಿರುದ್ಧ ನಮ್ಮದೇ ರೋಗನಿರೋಧಕ ಕಣಗಳು ಮಿತಿಮೀರಿ ಸಿಡಿದೇಳುವುದರಿಂದ ಬರುವಂಥದ್ದು. ವರ್ಷಗಟ್ಟಲೆ ಹೀಗೇ ನಡೆದರೆ ತೂಕ ಇಳಿದು, ಏದುಸಿರು ಹೆಚ್ಚಿ, ಕ್ಷಯದಂತೆಯೇ ಕಾಣುತ್ತದೆ. ಶ್ವಾಸಕೋಶದಲ್ಲಿ ಒಮ್ಮೆ ಕಲೆ ಗಟ್ಟಿಯಾದರೆ ಅದನ್ನು ಹಿಂತಿರುಗಿಸುವ ಮದ್ದು ಇಲ್ಲ.

ರಕ್ತ ಪರೀಕ್ಷೆಯಿಂದಲೇ ತಿಳಿಯದೇ ಎಂದು ಕೇಳುವವರಿದ್ದಾರೆ. ಧೂಳಿನ ವಿರುದ್ಧದ ಪ್ರತಿಕಾಯಗಳು ಆರೋಗ್ಯವಂತ ರೈತರ ರಕ್ತದಲ್ಲಿಯೂ ಇರುವುದುಂಟು. ಧೂಳು ಒಳಹೊಕ್ಕಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ತೋಟ ಕಾಯುವವನನ್ನು ಪೇಟೆಯ ರಸ್ತೆಯಲ್ಲಿ ಹುಡುಕಿ ಫಲವೇನು? ಶ್ವಾಸನಾಳದ ಲೋಳೆಪೊರೆ ಮತ್ತು ಗಾಳಿಗೂಡುಗಳಲ್ಲಿ ಕಾವಲಿರುವ ಕಣಗಳನ್ನು ಅಲ್ಲಿಂದಲೇ ತೆಗೆದು ನೋಡಬೇಕು.

ಹಿಂದೆ ಇದಕ್ಕೆ ಎದೆ ಕೊಯ್ದು ತುಣುಕು ತೆಗೆಯಬೇಕಾಗುತ್ತಿತ್ತು. 1960ರ ದಶಕದಲ್ಲಿ ಜಪಾನಿನ ಡಾ. ಶಿಗೆಟೊ ಇಕೆಡಾ ಬಾಗುವ ಬ್ರಾಂಕೊಸ್ಕೋಪನ್ನು ರೂಪಿಸಿದ ಮೇಲೆ ದಾರಿ ಸುಲಭವಾಯಿತು. ನಮ್ಮ ಪರಿಚಯದ ಹಿರಿಯರೊಬ್ಬರು 'ಕೊಳವೆ ಹಾಕಿ ಶ್ವಾಸಕೋಶ ತೊಳೆಯುತ್ತಾರಂತೆ' ಎಂಬ ಮಾತಿಗೇ ಹೆದರಿ ಒಂದು ವರ್ಷ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಆ ವರ್ಷವೂ ಹಟ್ಟಿಯ ಕೆಲಸ ಬಿಟ್ಟಿರಲಿಲ್ಲ. ಆದ್ದರಿಂದ ಅಲ್ಲಿ ನಡೆಯುವುದೇನೆಂದು ಹೇಳಿಬಿಡುತ್ತೇವೆ. ಕೆಲವು ಗಂಟೆ ಉಪವಾಸ. ಗಂಟಲಿಗೆ ಮರಗಟ್ಟಿಸುವ ಔಷಧಿ, ಬೇಕಾದರೆ ಮಂಪರು ಬರಿಸುವ ಮದ್ದು. ಸಪೂರ ಕೊಳವೆಯನ್ನು ಮೂಗು ಅಥವಾ ಬಾಯಿಯ ಮೂಲಕ ಶ್ವಾಸನಾಳದ ಒಂದು ಕವಲಿಗೆ ಇಳಿಸಿ, ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಒಟ್ಟು 100ರಿಂದ 300 ಮಿಲಿಲೀಟರಿನಷ್ಟು ಬಿಟ್ಟು, ಮೆಲ್ಲನೆ ಹಿಂದಕ್ಕೆ ಹೀರುತ್ತಾರೆ. ಬಿಟ್ಟದ್ದೆಲ್ಲ ಬರುವುದಿಲ್ಲ, ಉಳಿದ ನೀರನ್ನು ದೇಹವೇ ಹೀರಿಕೊಳ್ಳುತ್ತದೆ. ಕೆಮ್ಮು ಬರುತ್ತದೆ, ಹಿತವಾಗಿರುತ್ತದೆಂದು ನಾವು ಹೇಳೆವು. ಆದರೆ ಈ ತೊಳೆಯುವಿಕೆಗೆ ಕತ್ತರಿಯಿಲ್ಲ, ಹೊಲಿಗೆಯಿಲ್ಲ.

ಆ ನೀರಿನ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಬೀಡಿ ಸೇದದ ಆರೋಗ್ಯವಂತರಲ್ಲಿ ಧೂಳು ನುಂಗುವ ಮ್ಯಾಕ್ರೊಫೇಜ್ ಕಣಗಳೇ 100ಕ್ಕೆ 85ರಷ್ಟು. ಲಿಂಫೊಸೈಟ್ ಕಣಗಳು 10-15. ರೈತನ ಶ್ವಾಸಕೋಶದಲ್ಲಿ ಲಿಂಫೊಸೈಟ್‌ಗಳು ಸಾಮಾನ್ಯವಾಗಿ 30 ದಾಟುತ್ತವೆ, ಕೆಲವೊಮ್ಮೆ 50ನ್ನೂ. ಕಲೆ ಗಟ್ಟಿಯಾದ ಹಳೆಯ ಕಾಯಿಲೆಯಲ್ಲಿ ಮತ್ತು ಬೀಡಿ ಸೇದುವವರಲ್ಲಿ ಈ ಲೆಕ್ಕ ತಗ್ಗಿರಬಹುದು. ಹೀಗಾಗಿ ಎದೆಯ ಸಿ.ಟಿ. ಸ್ಕ್ಯಾನ್ ಮತ್ತು ರೋಗಿಯ ಮಾತು, ಎರಡನ್ನೂ ಸೇರಿಸಿಯೇ ವೈದ್ಯರು ತೀರ್ಮಾನಿಸುತ್ತಾರೆ. ಅದೇ ನೀರಿನಲ್ಲಿ ಕ್ಷಯದ ರೋಗಾಣುವನ್ನೂ ಹುಡುಕಬಹುದು. ನಮ್ಮಂಥ ಊರುಗಳಿಗೆ ಇದು ದೊಡ್ಡ ಉಪಕಾರ. ಹಾಗೆಂದು ಕ್ಷಯದ ಮಾತ್ರೆ ನುಂಗುತ್ತಿರುವವರು ಈ ಲೇಖನ ಓದಿ ಅದನ್ನು ನಿಲ್ಲಿಸಬಾರದು.

ಎಲ್ಲರಿಗೂ ಕೊಳವೆ ಬೇಕಾಗಿಲ್ಲ. ಆಸ್ತಮಾದ ಬಗೆ ತಿಳಿಯಲು ಉಪ್ಪುನೀರಿನ ಆವಿ ಎಳೆದು ಕೆಮ್ಮಿ ತೆಗೆದ ಕಫದ ಕಣಗಳನ್ನೇ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಎಣಿಸುತ್ತಾರೆ.

ವೈದ್ಯರಲ್ಲಿ ಹಟ್ಟಿ, ಬಣವೆ, ಬೂಸ್ಟು ಹಿಡಿದ ಧಾನ್ಯ, ಮನೆಯ ಪಾರಿವಾಳ, ಇವೆಲ್ಲವನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ. ಕಾಯಿಲೆ ಖಚಿತವಾದರೆ ಧೂಳಿನಿಂದ ದೂರವಿರುವುದೇ ಮೊದಲ ಚಿಕಿತ್ಸೆ, ಮಾತ್ರೆ ಆಮೇಲೆ. ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಬಣವೆ ಹಾಕಬೇಕು. ಕಟ್ಟುವ ಬೈರಾಸು ಈ ಧೂಳನ್ನು ತಡೆಯದು, ಎನ್-95 ಮುಖಕವಚ ಬೇಕು. ಶ್ವಾಸಕೋಶ ತೊಳೆಸಿಕೊಂಡ ಸಂಜೆ ಸಣ್ಣ ಜ್ವರ ಬಂದರೆ ಗಾಬರಿಯಾಗಬೇಡಿ. ಮರುದಿನವೂ ಬಿಡದಿದ್ದರೆ, ಉಸಿರು ಕಟ್ಟಿದರೆ ಅಥವಾ ಕಫದಲ್ಲಿ ರಕ್ತ ಹೆಚ್ಚಾಗಿ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.