ಭಾರವೆಂಬ ಭಾಗ್ಯ

ಮನೆಯ ಪರದೆಯ ಮೇಲೆ ಬೇಕೆಂದಾಗ ನೋಡಲು ದೊರೆಯುವ ವೈಜ್ಞಾನಿಕ ಕಲ್ಪನಾಕಥೆಗಳಲ್ಲಿ ‘ದಿ ಎಕ್ಸ್‌ಪ್ಯಾನ್ಸ್’ ಧಾರಾವಾಹಿಯು ವಿಶಿಷ್ಟವಾದುದು. 2015ರಲ್ಲಿ ಅಮೆರಿಕದ ಟೆಲಿವಿಷನ್ ವಾಹಿನಿಯೊಂದರಲ್ಲಿ ಆರಂಭವಾದ ಇದು, ನಾಲ್ಕನೆಯ ಭಾಗದಿಂದ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಮುಂದುವರಿದು 2022ರಲ್ಲಿ ಮುಕ್ತಾಯಗೊಂಡಿತು.

ಕಥೆಯಲ್ಲಿ ಯುದ್ಧವಿದೆ, ರಾಜಕೀಯವಿದೆ. ಆದರೆ ಪ್ರೇಕ್ಷಕನ ಮನಸ್ಸಿನಲ್ಲಿ ಬಹುಕಾಲ ಉಳಿಯುವುದು ಮಾನವದೇಹದ ಪಾಡು. ಕ್ಷುದ್ರಗ್ರಹಗಳ ಅಲ್ಪ ಗುರುತ್ವದಲ್ಲಿ ಹುಟ್ಟಿ ಬೆಳೆದವರು ನೀಳಕಾಯರು. ಅವರ ಮೂಳೆಗಳು ದುರ್ಬಲ. ಅಂತಹ ಬಂದಿಯೊಬ್ಬನನ್ನು ಭೂಮಿಗೆ ತಂದಾಗ ಅವನ ಸ್ವಂತ ತೂಕವೇ ಅವನಿಗೆ ಚಿತ್ರಹಿಂಸೆಯಾಗುತ್ತದೆ. ನೌಕೆಯ ಎಂಜಿನಿಯರ್ ನಯೋಮಿ ಔಷಧ ಸೇವಿಸಿಯೂ ಹೊಸ ಗ್ರಹದ ನೆಲದ ಮೇಲೆ ಪಡುವ ಬವಣೆ ಕರುಣಾಜನಕವಾದುದು.

ಇದು ಬರಿಯ ಕಲ್ಪನೆಯಲ್ಲ. ತಕ್ಕ ವ್ಯಾಯಾಮವಿಲ್ಲದಿದ್ದರೆ ಅಂತರಿಕ್ಷದಲ್ಲಿ ದೇಹದ ಭಾರ ಹೊರುವ ಮೂಳೆಗಳ ಖನಿಜಸಾಂದ್ರತೆ ತಿಂಗಳಿಗೆ ಸುಮಾರು ಶೇಕಡ 1ರಿಂದ 1.5ರಷ್ಟು ಕುಗ್ಗುತ್ತದೆ. ಆದುದರಿಂದಲೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಗಳು ದಿನಕ್ಕೆ ಸುಮಾರು 2 ಗಂಟೆಯನ್ನು ವ್ಯಾಯಾಮಕ್ಕೆ ಮೀಸಲಿಡುತ್ತಾರೆ. ಮೂಳೆ ಜಡವಸ್ತುವಲ್ಲ, ಭಾರ ಬಿದ್ದರೆ ಬಲಿಯುತ್ತದೆ, ಬೀಳದಿದ್ದರೆ ಸವೆಯುತ್ತದೆ.

ಮಹಾನಗರದ ಮೇಲಂತಸ್ತಿನ ಮನೆಗಳಲ್ಲಿ ಲಿಫ್ಟು, ವಾಹನ, ಕುರ್ಚಿಗಳ ನಡುವೆ ದಿನ ಕಳೆಯುವ ಕನ್ನಡ ಬಾಂಧವರಿಗೂ ಇದರಲ್ಲಿ ಪಾಠವಿದೆ. ಭೂಮಿಯು ಈ ಭಾರವನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದೆ. ಆದರೆ ಎದ್ದು ನಡೆದವರಿಗೇ ಅದರ ಫಲ. ಮೂಳೆ ಸವೆತವುಳ್ಳವರು ವೈದ್ಯರ ಸಲಹೆ ಪಡೆದು ನಡೆಯಲಿ. ಒಂದು ಕಂತು ಮುಗಿದು ಮತ್ತೊಂದು ತಾನಾಗಿಯೇ ಆರಂಭವಾಗುವ ಮುನ್ನ, ಮನೆಯ ಹಿರಿಯರನ್ನೂ ಕರೆದುಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ನಡೆದು ಬರುವುದು ಕ್ಷೇಮಕರ.